ಏಳು ಸಾವಿರಕ್ಕೆ ಮಿಸ್ ಹೊಡೆಯುವ ಬೈಕು: ಇಸಿಯು ಬಿಚ್ಚುವ ಮೊದಲು ಎರಡು ವೈರು ನೋಡಿ

ಐದು ಸಾವಿರ ಆರ್‌ಪಿಎಂವರೆಗೆ ಬೈಕಿನ ಮೇಲೆ ಒಂದು ದೂರೂ ಇಲ್ಲ. ಏಳು ಸಾವಿರ ಮುಟ್ಟುತ್ತಿದ್ದಂತೆ ಎಂಜಿನ್ ಒಂದು ಕ್ಷಣ ಸತ್ತು ಮತ್ತೆ ಬದುಕುತ್ತದೆ. ಟ್ಯಾಕೋಮೀಟರ್ ಮುಳ್ಳು ಮೇಲೆ ಕೆಳಗೆ ಹಾರುತ್ತದೆ, ಸೈಲೆನ್ಸರಿನಿಂದ ‘ಢಬ್’ ಎಂದು ಒಂದು ಸದ್ದು. ಥ್ರಾಟಲ್ ಇಳಿಸಿದರೆ ಎಲ್ಲ ಸರಿ. ಹೊರಗಿನ ಇಸಿಯು (ಎಂಜಿನ್ ಕಂಟ್ರೋಲ್ ಯೂನಿಟ್) ಹಾಕಿಸಿದ ಬೈಕಿಗೆ ಈ ಕಾಯಿಲೆ ಬಂದಾಗ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ತೀರ್ಪು ‘ಮ್ಯಾಪ್ ಸರಿಯಿಲ್ಲ ಸಾರ್’. ಎರಡನೆಯದು ‘ಇಸಿಯು ಹೋಗಿದೆ’. ಮೂರನೆಯದು ‘ಸೆನ್ಸರ್ ಹೊಸದು ಹಾಕಿಬಿಡೋಣ’. ಮೂರೂ ದುಬಾರಿ ತೀರ್ಪುಗಳೇ. ಅದಕ್ಕೂ ಮೊದಲು ಮ್ಯಾಗ್ನೆಟ್ ಕವರಿನಿಂದ ಇಸಿಯುವರೆಗೆ ಬರುವ ಎರಡು ಸಣ್ಣ ವೈರುಗಳನ್ನೂ ಎಂಜಿನ್ನಿನ ಅರ್ತಿಂಗ್ ಬೋಲ್ಟನ್ನೂ ಒಮ್ಮೆ ನೋಡಬೇಕು.

ಬೆಂಗಳೂರಿನ ಅಂಜನಾಪುರ, ಗೊಟ್ಟಿಗೆರೆ, ಜಂಬೂಸವಾರಿ ದಿಣ್ಣೆ ಸುತ್ತಮುತ್ತ ಇಂಥ ಬೈಕುಗಳಿಗೇನೂ ಬರವಿಲ್ಲ. ನೈಸ್ ರಸ್ತೆ ಪಕ್ಕದಲ್ಲೇ ಇದೆ, ಕನಕಪುರ ರಸ್ತೆ ಹಿಡಿದರೆ ಭಾನುವಾರದ ಸವಾರಿಗೆ ದಾರಿ ತೆರೆದೇ ಇರುತ್ತದೆ. 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500, 2013ರಲ್ಲಿ ಬಂದ ಕೆಟಿಎಂ ಡ್ಯೂಕ್ 390 ಇಲ್ಲಿನ ಹುಡುಗರಿಗೆ ಫ್ಯೂಯಲ್ ಇಂಜೆಕ್ಷನ್ನಿನ ರುಚಿ ಹತ್ತಿಸಿದವು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದ ಮೇಲೆ ನೂರು ಸಿಸಿ ಬೈಕುಗಳಲ್ಲೂ ಬಹುತೇಕ ಇಂಜೆಕ್ಷನ್ ಬಂದು ಕೂತಿತು. ಜೊತೆಗೆ, ಕಂಪನಿ ಇಸಿಯು ಹಾಗೇ ಇಟ್ಟುಕೊಂಡು ಅದರ ನಡುವೆ ಕಪ್ಲರ್ ಸಿಕ್ಕಿಸುವ ‘ಪಿಗ್ಗಿಬ್ಯಾಕ್’ ಪೆಟ್ಟಿಗೆಗಳೂ ಬಂದವು. ಪವರ್‌ಟ್ರಾನಿಕ್ ಹೆಸರಿನಲ್ಲಿ ಇದನ್ನು ತಯಾರಿಸುವ ರೇಸ್ ಡೈನಮಿಕ್ಸ್ ಬೆಂಗಳೂರಿನದೇ ಕಂಪನಿ. ಇನ್ನೊಂದು ಬಗೆ, ಕಂಪನಿ ಇಸಿಯು ತೆಗೆದುಹಾಕಿ ಪೂರ್ತಿ ಹೊಸದನ್ನು ಕೂರಿಸುವುದು. ಮೆಗಾಸ್ಕ್ವರ್ಟ್, ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಓಡುವ ಸ್ಪೀಡುಯಿನೊ ಈ ಸಾಲಿನವು. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ಹಿಡಿದು ಆಮೇಲೆ ಬಿಡಲಾರದೆ ಒದ್ದಾಡುವುದು ಈ ಎರಡನೇ ಬಗೆಯ ಜೊತೆ.

ಯಾವ ಪೆಟ್ಟಿಗೆಯಾದರೂ ಅದು ನಂಬಿಕೊಂಡಿರುವುದು ಒಂದೇ ಸುದ್ದಿಯನ್ನು: ಕ್ರ್ಯಾಂಕ್ ಈಗ ಎಲ್ಲಿದೆ? ಮ್ಯಾಗ್ನೆಟ್ಟಿನ ಹೊರಮೈಯಲ್ಲಿ ಸಮದೂರಕ್ಕೆ ಹಲ್ಲುಗಳಿರುತ್ತವೆ. ಒಂದು ಕಡೆ ಒಂದೋ ಎರಡೋ ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಆ ಬಿಟ್ಟ ಜಾಗವೇ ಇಸಿಯುಗೆ ಗುರುತು, ಅಲ್ಲಿಂದ ಹಲ್ಲು ಎಣಿಸಿಕೊಂಡು ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಎಂದು ಲೆಕ್ಕ ಹಾಕುತ್ತದೆ. ಹಲ್ಲು ಎಣಿಸುವ ಸೆನ್ಸರನ್ನು ನಮ್ಮ ಮೆಕ್ಯಾನಿಕ್‌ಗಳು ಈಗಲೂ ‘ಪಲ್ಸರ್ ಕಾಯಿಲ್’ ಅಥವಾ ‘ಪಿಕಪ್ ಕಾಯಿಲ್’ ಎನ್ನುತ್ತಾರೆ. ಹೆಸರು ಸರಿಯಾಗೇ ಇದೆ: ಒಳಗಿರುವುದು ಒಂದು ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಕಬ್ಬಿಣದ ಹಲ್ಲು ಎದುರಿಗೆ ಹಾದುಹೋದಾಗ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ.

ತೊಂದರೆಯ ಬೇರು ಇಲ್ಲಿದೆ. ಈ ವೋಲ್ಟೇಜ್ ಹಲ್ಲು ಹಾಯುವ ವೇಗಕ್ಕೆ ತಕ್ಕಂತೆ ಏರುತ್ತದೆ. ಸೆಲ್ಫ್ ಹೊಡೆಯುವಾಗ ಒಂದು ವೋಲ್ಟಿನ ಆಸುಪಾಸು, ಎಂಜಿನ್ ವೇಗ ಹಿಡಿದರೆ ಹತ್ತಾರು ವೋಲ್ಟ್. ಅಂದರೆ ಸ್ಟಾರ್ಟ್ ಮಾಡುವಾಗ ಸಿಗ್ನಲ್ ತೀರಾ ಬಡವ, ಸಣ್ಣ ವಿದ್ಯುತ್ ಗದ್ದಲವೂ (ನಾಯ್ಸ್) ಅದನ್ನು ಮುಚ್ಚಿಹಾಕುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಸಿಗ್ನಲ್ ಬಲವಾಗಿರುತ್ತದೆ, ಆದರೆ ಸಮಯ ಸಾಲದು. ಸೆಲ್ಫ್ ಹೊಡೆಯುವ 250 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 240 ಮಿಲಿಸೆಕೆಂಡ್ ಬೇಕು. 24 ಹಲ್ಲಿನ ಲೆಕ್ಕದಲ್ಲಿ ಹಲ್ಲಿಗೊಂದರಂತೆ 10 ಮಿಲಿಸೆಕೆಂಡ್. ಹತ್ತು ಸಾವಿರ ಆರ್‌ಪಿಎಂನಲ್ಲಿ ಇಡೀ ಸುತ್ತಿಗೇ 6 ಮಿಲಿಸೆಕೆಂಡ್, ಹಲ್ಲಿಗೆ ಕಾಲು ಮಿಲಿಸೆಕೆಂಡ್. ಆ ಕಾಲು ಮಿಲಿಸೆಕೆಂಡಿನ ನಡುವೆ ಎಲ್ಲಿಂದಲೋ ಒಂದು ಚೂಪು ಏಟು ಬಿದ್ದರೆ ಇಸಿಯು ಅದನ್ನೂ ಹಲ್ಲೆಂದೇ ಎಣಿಸುತ್ತದೆ.

ಎಣಿಸಿದರೆ ಆಗುವುದೇನು? 24ರ ಚಕ್ರದಲ್ಲಿ ಒಂದು ಹಲ್ಲೆಂದರೆ 15 ಡಿಗ್ರಿ. ಒಂದು ಸುಳ್ಳು ಹಲ್ಲು ಸೇರಿಕೊಂಡರೆ ಕ್ರ್ಯಾಂಕ್ ಇರುವುದಕ್ಕಿಂತ 15 ಡಿಗ್ರಿ ಮುಂದಿದೆ ಎಂದು ಇಸಿಯು ತಿಳಿಯುತ್ತದೆ, ಕಿಡಿ ಅಷ್ಟು ಬೇಗ ಬೀಳುತ್ತದೆ. 28 ಡಿಗ್ರಿಗೆ ಬೀಳಬೇಕಾದ ಕಿಡಿ 43ಕ್ಕೆ ಬಿದ್ದರೆ ಪಿಸ್ಟನ್ನಿಗೆ ಒಳ್ಳೆಯದಲ್ಲ. ಸೆಲ್ಫ್ ಹೊಡೆಯುವಾಗ ಬಿದ್ದರೆ ಎಂಜಿನ್ ಹಿಂದಕ್ಕೆ ಒದ್ದು ಸ್ಟಾರ್ಟರ್ ಕ್ಲಚ್ ಮುರಿಯಬಹುದು. ಅದೇ ಒಂದು ಹಲ್ಲು ಕಳೆದುಹೋದರೆ ಕಿಡಿ ತಡವಾಗಿ, ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಸಿಡಿಯುತ್ತದೆ. ಬಿಟ್ಟ ಹಲ್ಲಿನ ಜಾಗ ಮತ್ತೆ ಬಂದಾಗ ಎಣಿಕೆ ತಾಳೆಯಾಗದಿದ್ದರೆ ಇಸಿಯು ‘ಸಿಂಕ್ ಹೋಯಿತು’ ಎಂದು ಕಿಡಿಯನ್ನೇ ನಿಲ್ಲಿಸುತ್ತದೆ. ಏಳು ಸಾವಿರದಲ್ಲಿ ಎಂಜಿನ್ ಸತ್ತು ಬದುಕುವುದು ಇದರಿಂದ. ಲಾರಿ ಹಿಂದಿಕ್ಕುವ ಹೊತ್ತಿಗೆ ಹೀಗಾದರೆ ಗತಿಯೇನೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಪರೀಕ್ಷೆಯೆಲ್ಲ ಸ್ಟ್ಯಾಂಡಿನ ಮೇಲೋ ಡೈನೊ ಮೇಲೋ ನಡೆಯಲಿ, ಕನಕಪುರ ರಸ್ತೆಯಲ್ಲಿ ಬೇಡ.

ಮೊದಲ ಕೆಲಸ ಕಂಪ್ಯೂಟರಿನದು. ಕಂಪನಿ ಇಸಿಯು ಪಿ0335 ಕೋಡ್ ಕೊಟ್ಟರೆ ಕ್ರ್ಯಾಂಕ್ ಸೆನ್ಸರ್ ಸರ್ಕಿಟ್ಟಿನಲ್ಲಿ ದೋಷವೆಂದೂ, ಪಿ0336 ಕೊಟ್ಟರೆ ಸಿಗ್ನಲ್ ಬರುತ್ತಿದೆ, ಆದರೆ ಲೆಕ್ಕಕ್ಕೆ ಹೊಂದುತ್ತಿಲ್ಲವೆಂದೂ ತಿಳಿಯಬೇಕು. ಗದ್ದಲದ ಅನುಮಾನವಿದ್ದರೆ ಎರಡನೆಯದೇ ಹೆಚ್ಚು ಮಾತಾಡುತ್ತದೆ. ಹೊರಗಿನ ಇಸಿಯುಗಳಲ್ಲಿ ಇನ್ನೂ ಒಳ್ಳೆಯ ಸೌಲಭ್ಯವಿದೆ: ಆರ್‌ಪಿಎಂ ಲಾಗ್ ಮತ್ತು ಟೂತ್ ಲಾಗರ್. ಲಾಗಿನಲ್ಲಿ ಮೂರು ಸಾವಿರದ ಗೆರೆ ಇದ್ದಕ್ಕಿದ್ದಂತೆ ಒಂಬತ್ತು ಸಾವಿರಕ್ಕೆ ನೆಗೆದು ಬಿದ್ದರೆ ಸುಳ್ಳು ಹಲ್ಲು ಸೇರುತ್ತಿದೆ, ಅದು ಗದ್ದಲ. ಗೆರೆ ಸೊನ್ನೆಗೆ ಕುಸಿಯುತ್ತಿದ್ದರೆ ಹಲ್ಲು ಕಳೆಯುತ್ತಿದೆ. ಆಗ ಗದ್ದಲ ಹುಡುಕುತ್ತ ಕೂರದೆ ಕಪ್ಲರ್, ಮುರಿದ ವೈರು, ಸೆನ್ಸರಿನ ಅಂತರ ನೋಡಿ. ಈ ಎರಡನ್ನು ಬೇರ್ಪಡಿಸದೆ ಶುರುಮಾಡಿದವರು ಸಂಜೆಯವರೆಗೂ ಬಿಚ್ಚುತ್ತ ಜೋಡಿಸುತ್ತ ಇರುತ್ತಾರೆ.

ಟೂತ್ ಲಾಗರ್ ತೋರಿಸುವುದು ಸಾಲಾಗಿ ನಿಂತ ಕಡ್ಡಿಗಳನ್ನು. ಒಂದೊಂದು ಕಡ್ಡಿಯ ಎತ್ತರವೂ ಒಂದು ಹಲ್ಲಿನಿಂದ ಇನ್ನೊಂದಕ್ಕೆ ತಗುಲಿದ ಸಮಯ. ಒಂದು ಹಲ್ಲು ಬಿಟ್ಟ ಚಕ್ರದಲ್ಲಿ ಸುತ್ತಿಗೊಮ್ಮೆ ಎರಡುಪಟ್ಟು ಎತ್ತರದ ಕಡ್ಡಿ, ಎರಡು ಬಿಟ್ಟದ್ದಾದರೆ ಮೂರುಪಟ್ಟು. ಉಳಿದ ಕಡ್ಡಿಗಳು ಹೆಚ್ಚುಕಡಿಮೆ ಸಮ ಇರಬೇಕು. ಸಿಂಗಲ್ ಸಿಲಿಂಡರ್ ಎಂಜಿನ್ ಕಂಪ್ರೆಶನ್ನಿಗೆ ಹತ್ತುವಾಗ ನಿಧಾನವಾಗುವುದರಿಂದ ಅಲ್ಲಿ ಕಡ್ಡಿಗಳು ಮೆಲ್ಲಗೆ ಉಬ್ಬಿ ಇಳಿಯುತ್ತವೆ, ಅದು ಸಹಜ, ಹೆದರಬೇಡಿ. ಈ ಸಾಲಿನಲ್ಲಿ ಒಂದು ಗಿಡ್ಡ ಕಡ್ಡಿ ಕಂಡರೆ ಅದೇ ಕಳ್ಳ. ಅದು ಎಲ್ಲಿ ನಿಂತಿದೆ ಎಂಬುದನ್ನು ನೋಡಿದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಸುತ್ತಿನಲ್ಲೂ ಒಂದೇ ಹಲ್ಲಿನ ಬಳಿ ನಿಂತಿದೆಯೇ? ಲ್ಯಾಪ್‌ಟಾಪಿನಲ್ಲಿ ಕಿಡಿಯ ಅಡ್ವಾನ್ಸನ್ನು ಹತ್ತು ಡಿಗ್ರಿ ಕಡಿಮೆ ಮಾಡಿ ಮತ್ತೆ ಲಾಗ್ ತೆಗೆಯಿರಿ. ಗಿಡ್ಡ ಕಡ್ಡಿಯೂ ಜರುಗಿದರೆ ಇಗ್ನಿಷನ್ ಕಾಯಿಲ್ ಗದ್ದಲ ಮಾಡುತ್ತಿದೆ. ಜರುಗದೆ ಅಲ್ಲೇ ಇದ್ದರೆ ಮ್ಯಾಗ್ನೆಟ್ಟಿನ ಆ ಹಲ್ಲೇ ಜಜ್ಜಿಹೋಗಿರಬಹುದು. ಪುಲ್ಲರ್ ಹಾಕದೆ ಸುತ್ತಿಗೆಯಲ್ಲಿ ಬಡಿದು ಮ್ಯಾಗ್ನೆಟ್ ತೆಗೆದ ಗುರುತು ಹೀಗೆ ಲಾಗಿನಲ್ಲಿ ಬರುವುದುಂಟು. ಗಿಡ್ಡ ಕಡ್ಡಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಎಂದು ಲಂಗುಲಗಾಮಿಲ್ಲದೆ ಬರುತ್ತಿದ್ದರೆ ಚಾರ್ಜಿಂಗ್, ಪಂಪ್, ಅರ್ತಿಂಗ್ ಅಥವಾ ಸಡಿಲ ಕಪ್ಲರ್ ಕಡೆ ತಿರುಗಿ.

ಪಿಗ್ಗಿಬ್ಯಾಕ್ ಹಾಕಿಸಿದವರಿಗೆ ಟೂತ್ ಲಾಗರ್ ಸಿಗದಿರಬಹುದು. ಅವರಿಗೊಂದು ಸುಲಭ ದಾರಿಯಿದೆ. ಪೆಟ್ಟಿಗೆ ತೆಗೆದು ಕಂಪನಿ ಕಪ್ಲರ್‌ಗಳನ್ನು ಮೊದಲಿನಂತೆ ನೇರ ಜೋಡಿಸಿ ಓಡಿಸಿ. ಆಗಲೂ ಮಿಸ್ ಹೊಡೆದರೆ ಪೆಟ್ಟಿಗೆ ನಿರಪರಾಧಿ. ಹೊಡೆಯದಿದ್ದರೂ ಪೆಟ್ಟಿಗೆಯೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ಅದರ ವೈರಿಂಗ್ ಹಾದುಹೋದ ದಾರಿ ತಪ್ಪಿರಬಹುದು. ಕಪ್ಲರ್ ಬಳಸದೆ ಸೆನ್ಸರಿನ ವೈರು ಸುಲಿದು ಎರಡು ಇಸಿಯುಗಳಿಗೆ ಒಟ್ಟಿಗೇ ಕಟ್ಟಿದ್ದರೆ ಇನ್ನೊಂದು ತಕರಾರು. ಒಂದು ಇಸಿಯು ಸೆನ್ಸರಿನ ಒಂದು ತುದಿಯನ್ನು ಅರ್ತಿಂಗಿಗೆ ಹಿಡಿದಿರುತ್ತದೆ, ಇನ್ನೊಂದು ಅದೇ ತುದಿಯನ್ನು ಎರಡೂವರೆ ವೋಲ್ಟಿಗೆ ಎತ್ತಿಟ್ಟಿರುತ್ತದೆ. ಇಬ್ಬರ ಎಳೆದಾಟದಲ್ಲಿ ಸಿಗ್ನಲ್ ಸೊರಗುತ್ತದೆ. ಹಾಗೆ ಕಟ್ಟುವ ಪದ್ಧತಿಯೇ ನನಗೆ ಒಪ್ಪಿಗೆಯಿಲ್ಲ.

ಇನ್ನು ಕೈ ಹಾಕೋಣ. ಬ್ಯಾಟರಿ ಸುಮ್ಮನಿರುವಾಗ 12.4 ವೋಲ್ಟಿಗಿಂತ ಮೇಲಿರಲಿ, ಸೆಲ್ಫ್ ಹೊಡೆದಾಗ ಹತ್ತರ ಕೆಳಗೆ ಬೀಳದಿರಲಿ. ಆಮೇಲೆ ಹೊರಗಿನಿಂದ ಹಾಕಿಸಿದ್ದೆಲ್ಲವನ್ನೂ ಕಳಚಿ: ಎಲ್‌ಇಡಿ ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್, ಜಿಪಿಎಸ್ ಟ್ರ್ಯಾಕರ್, ಜೋಡಿ ಹಾರ್ನ್. ಅಗ್ಗದ ಎಲ್‌ಇಡಿ ಡ್ರೈವರ್ ಮತ್ತು ಯುಎಸ್‌ಬಿ ಚಾರ್ಜರ್ ಒಳಗೆ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಆಗುವ ಸರ್ಕಿಟ್ ಇರುತ್ತದೆ, ಫಿಲ್ಟರ್ ಮಾತ್ರ ಇರುವುದಿಲ್ಲ. ಬರೀ ಇಷ್ಟರಿಂದಲೇ ಬೈಕು ಸರಿಹೋದರೆ ಒಂದೊಂದನ್ನೇ ವಾಪಸ್ ಹಾಕಿ ನೋಡಿ, ಅಪರಾಧಿ ತಾನಾಗಿ ಸಿಕ್ಕಿಬೀಳುತ್ತಾನೆ.

ಪ್ಲಗ್ಗಿನ ಸರದಿ ಮುಂದಿನದು. ಎನ್‌ಜಿಕೆ ಪ್ಲಗ್ಗಿನ ಹೆಸರಿನಲ್ಲಿ ‘ಆರ್’ ಅಕ್ಷರ ಇದ್ದರೆ ಒಳಗೆ ಸುಮಾರು ಐದು ಸಾವಿರ ಓಮ್‌ನ ರೆಸಿಸ್ಟರ್ ಇದೆ ಎಂದರ್ಥ. ಕೆಲವು ಬೈಕುಗಳಲ್ಲಿ ಪ್ಲಗ್ ಕ್ಯಾಪ್‌ನಲ್ಲೂ ಅಷ್ಟೇ ಇರುತ್ತದೆ. ಕಿಡಿ ಸಿಡಿದಾಗ ಹುಟ್ಟುವ ರೇಡಿಯೊ ಗದ್ದಲವನ್ನು ಅಡಗಿಸುವುದೇ ಇದರ ಕೆಲಸ. ‘ಪರ್ಫಾರ್ಮೆನ್ಸ್’ ಎಂಬ ಮಾತಿಗೆ ಮರುಳಾಗಿ ‘ಆರ್’ ಇಲ್ಲದ ಪ್ಲಗ್ಗು, ತಾಮ್ರದ ತಂತಿಯ ಬಣ್ಣದ ಕೇಬಲ್ ಹಾಕಿಸಿದರೆ ಇಪ್ಪತ್ತು-ಮೂವತ್ತು ಸಾವಿರ ವೋಲ್ಟಿನ ಟ್ರಾನ್ಸ್‌ಮಿಟರ್ ಒಂದನ್ನು ಇಸಿಯು ಪಕ್ಕದಲ್ಲಿ ಇಟ್ಟಿದ್ದೀರಿ. ಕಂಪನಿ ಪ್ಲಗ್ಗು, ಕಂಪನಿ ಕ್ಯಾಪ್ ವಾಪಸ್ ಹಾಕಿ. ಕಾಯಿಲ್ ಮೇಲೆ ಅನುಮಾನ ಉಳಿದರೆ ಅದರ ಪ್ರೈಮರಿ ಕಪ್ಲರ್ ಮತ್ತು ಇಂಜೆಕ್ಟರ್ ಕಪ್ಲರ್ ಎರಡನ್ನೂ ಕಿತ್ತು ಸೆಲ್ಫ್ ಹೊಡೆದು ಲಾಗ್ ತೆಗೆಯಿರಿ. ಕಡ್ಡಿಗಳು ಚೊಕ್ಕವಾಗಿದ್ದು, ಕಾಯಿಲ್ ಜೋಡಿಸಿದ ಕೂಡಲೇ ಕೆಟ್ಟರೆ ಉತ್ತರ ಸಿಕ್ಕಿತು. ಪ್ಲಗ್ ಕ್ಯಾಪ್ ಮಾತ್ರ ಕಿತ್ತು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ. ಕಿಡಿ ಹಾರಲು ದಾರಿ ಕಾಣದೆ ಕಾಯಿಲ್, ಇಸಿಯು ಎರಡಕ್ಕೂ ಏಟು ಬೀಳಬಹುದು.

ಅರ್ತಿಂಗ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಲ್ಟಿಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಎಂಜಿನ್ ಕೇಸಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಯಿರಿ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ಲೋ ಬೋಲ್ಟೋ ಸೋತಿದೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ ಬೈಕುಗಳಲ್ಲಿ ಇದು ಮಾಮೂಲು: ಬಣ್ಣದ ಮೇಲೇ ಬೋಲ್ಟ್ ಬಿಗಿದಿರುತ್ತಾರೆ, ದಾರದಲ್ಲಿ ಏನೋ ಅಷ್ಟಿಷ್ಟು ಲೋಹ ತಾಗಿ ಬೈಕು ಹೇಗೋ ನಡೆಯುತ್ತಿರುತ್ತದೆ. ಅಲ್ಲಿ ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಇನ್ನೊಂದು ಮಾತು: ಸೆನ್ಸರಿನ ಮೈನಸ್ ವೈರು ಇಸಿಯುನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಹೋಗಬೇಕು. ಹತ್ತಿರ ಸಿಕ್ಕಿತೆಂದು ಕಾಯಿಲ್ ಅಥವಾ ಇಂಜೆಕ್ಟರಿನ ಗ್ರೌಂಡಿಗೆ ಕಟ್ಟಿದರೆ ಅವುಗಳ ಕರೆಂಟ್ ಹರಿದಾಗಲೆಲ್ಲ ಸೆನ್ಸರಿನ ಸೊನ್ನೆಯೇ ಅಲುಗಾಡುತ್ತದೆ.

ಈಗ ಮ್ಯಾಗ್ನೆಟ್ ಕವರ್ ಬಿಚ್ಚಿ. ಎಣ್ಣೆಯೊಳಗೆ ತಿರುಗುವ ಮ್ಯಾಗ್ನೆಟ್ಟಾದರೆ ಕೆಳಗೊಂದು ತಟ್ಟೆ ಇಡಿ. ಸ್ಟೇಟರಿನ ಮೂರು ದಪ್ಪ ವೈರು, ಬಹಳ ಬೈಕುಗಳಲ್ಲಿ ಹಳದಿ, ಒಂದು ರಬ್ಬರ್ ಗ್ರೊಮೆಟ್ಟಿನಿಂದ ಹೊರಬರುತ್ತವೆ. ಅದೇ ಗ್ರೊಮೆಟ್ಟಿನಿಂದ, ಅವುಗಳ ಮೈಗೆ ಮೈ ತಾಗಿಸಿಕೊಂಡು, ಪಲ್ಸರಿನ ಎರಡು ಸಪೂರ ವೈರುಗಳೂ ಬರುತ್ತವೆ. ಒಳಗೆ ಒಂದು ಪುಟ್ಟ ತಗಡಿನ ಕ್ಲಿಪ್ ಆ ಎರಡನ್ನು ಸ್ಟೇಟರ್ ಸುರುಳಿಯಿಂದ ದೂರ ಹಿಡಿದಿರಬೇಕು. ಹಿಂದೆ ಯಾರೋ ಬಿಚ್ಚಿದಾಗ ಆ ಕ್ಲಿಪ್ ಕಳೆದುಹೋಗಿದ್ದರೆ ಪಲ್ಸರ್ ವೈರು ಸುರುಳಿಯ ತಲೆಯ ಮೇಲೇ ಒರಗಿರುತ್ತದೆ, ಅದರ ಸ್ಲೀವ್ ಉಜ್ಜಿ ನುಣುಪಾಗಿ ಹೊಳೆಯುತ್ತಿರುತ್ತದೆ. ಸೆನ್ಸರಿನ ಮೂತಿಗೆ ಕಬ್ಬಿಣದ ಪುಡಿ ಕರಿ ಮೀಸೆಯಾಗಿ ಅಂಟಿರುತ್ತದೆ. ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮೂತಿಗೂ ಹಲ್ಲಿಗೂ ನಡುವಿನ ಅಂತರವನ್ನು ಫೀಲರ್ ಗೇಜ್ ಹಾಕಿ ನೋಡಿ. ಸಾಮಾನ್ಯವಾಗಿ ಅರ್ಧದಿಂದ ಒಂದು ಮಿಲಿಮೀಟರ್. ನಿಮ್ಮ ಬೈಕಿನ ಸರಿಯಾದ ಅಳತೆ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿದೆ. ಸುರುಳಿಯ ಓಮ್ ಅಳತೆಯೂ ಅಲ್ಲೇ ಇದೆ, ಸಾಮಾನ್ಯವಾಗಿ ನೂರಾರು ಓಮ್. ತಣ್ಣಗಿದ್ದಾಗಲೂ ಎಂಜಿನ್ ಕಾದಾಗಲೂ ಅಳೆಯಿರಿ. ಬಿಸಿಗೆ ಮಾತ್ರ ತುಂಡಾಗುವ ಸುರುಳಿಗಳಿವೆ. ಸೆನ್ಸರ್ ವೈರಿಗೂ ಎಂಜಿನ್ ಮೈಗೂ ನಡುವೆ ಮಾತ್ರ ಸಂಪರ್ಕವೇ ಇರಬಾರದು. ಸುರುಳಿಯ ಒಂದು ತುದಿಯನ್ನು ಮೈಗೇ ಸೇರಿಸಿದ ಹಳೆಯ ಒಂದೇ ವೈರಿನ ಪಲ್ಸರ್‌ಗೆ ಈ ಮಾತು ಅನ್ವಯಿಸದು.

ಕಪ್ಲರ್‌ಗಳನ್ನು ಮರೆಯಬೇಡಿ. ಅಗೆದು ಮುಚ್ಚಿದ ರಸ್ತೆಯ ಧೂಳು, ಮಳೆಗಾಲದ ಕೆಸರು, ಅದರ ಮೇಲೆ ವಾರಕ್ಕೊಮ್ಮೆ ಪ್ರೆಷರ್ ವಾಷ್. ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಿಸಿದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಆಮೇಲೆ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಹಾರ್ನೆಸ್ಸನ್ನು ಗೇಣು ಗೇಣಿಗೂ ಹಿಡಿದು ಅಲ್ಲಾಡಿಸಿ ನೋಡಿ. ಎಲ್ಲಿ ಮಿಸ್ ಹೊಡೆಯಿತೋ ಅಲ್ಲಿ ಕತ್ತರಿಸಿ.

ಹೊಸ ವೈರು ಎಳೆಯುವುದಾದರೆ ಎಸ್‌.ಪಿ. ರೋಡಿಗೆ ಹೋಗಿ ಎರಡು ಎಳೆಯ ಹೊಸೆದ ಶೀಲ್ಡೆಡ್ ವೈರು ತನ್ನಿ; ಕಪ್ಲರ್ ಪಿನ್ನುಗಳಿಗೆ ಜೆ.ಸಿ. ರೋಡ್. ಶೀಲ್ಡಿನ ಜಾಲರಿಯನ್ನು ಇಸಿಯು ಕಡೆ ಮಾತ್ರ ಗ್ರೌಂಡ್ ಮಾಡಬೇಕು, ಸೆನ್ಸರ್ ಕಡೆಯ ತುದಿಯನ್ನು ಕತ್ತರಿಸಿ ಸ್ಲೀವ್ ಹಾಕಬೇಕು. ಎರಡೂ ಕಡೆ ಗ್ರೌಂಡ್ ಮಾಡಿದರೆ ಜಾಲರಿಯಲ್ಲೇ ಕರೆಂಟ್ ಹರಿದು, ತಡೆಯಬೇಕಾದ ಗದ್ದಲವನ್ನು ಅದೇ ಹೊತ್ತು ತರುತ್ತದೆ. ವೈರು ಕಾಯಿಲ್, ರೆಕ್ಟಿಫೈಯರ್, ಹಳದಿ ವೈರುಗಳಿಂದ ದೂರ ಹೋಗಲಿ. ಅಡ್ಡ ಹಾಯಲೇಬೇಕಾದರೆ ಲಂಬಕೋನದಲ್ಲಿ ಹಾಯಲಿ, ಜೊತೆಜೊತೆಗೆ ಓಡುವುದು ಬೇಡ.

ಸೆನ್ಸರಿನ ಎರಡು ವೈರು ಅದಲುಬದಲಾದರೂ ಬೈಕು ಸ್ಟಾರ್ಟ್ ಆಗುತ್ತದೆ. ಮೋಸ ಇರುವುದೇ ಅಲ್ಲಿ. ಹಲ್ಲಿನ ನಟ್ಟನಡುವೆ ಸೊನ್ನೆ ದಾಟಬೇಕಾದ ಸಿಗ್ನಲ್ ಆಗ ಸಂದಿಯಲ್ಲಿ ದಾಟುತ್ತದೆ, ಹಲ್ಲು ಬಿಟ್ಟ ಜಾಗದಲ್ಲಿ ಅದು ಓರೆಯಾಗಿ ಹಿಗ್ಗುತ್ತದೆ. ಕೆಳಗೆ ಸರಿಯೆನಿಸಿದ ಟೈಮಿಂಗ್ ಮೇಲೆ ಹೋದಂತೆ ಜಾರಿ, ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಸಿಂಕ್ ತಪ್ಪುತ್ತದೆ. ಆಸಿಲೋಸ್ಕೋಪ್ ಇದ್ದರೆ ಕ್ಷಣದಲ್ಲಿ ಕಾಣುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಸ್ಕೋಪ್‌ಗಳೂ ಈಗ ಎಸ್‌.ಪಿ. ರೋಡಿನಲ್ಲಿ ಸಿಗುತ್ತವೆ. ಇಲ್ಲದಿದ್ದರೆ ವೈರು ತಿರುಗಿಸಿ, ಟೈಮಿಂಗ್ ಲೈಟ್ ಹಿಡಿದು ಟ್ರಿಗರ್ ಆಂಗಲ್ ಮತ್ತೆ ಹೊಂದಿಸಿ ಪರೀಕ್ಷಿಸಿ. ಮೂರು ವೈರಿನ ಹಾಲ್ ಸೆನ್ಸರ್ ಆದರೆ ಕತೆ ಬೇರೆ: ಅದರ ಔಟ್‌ಪುಟ್ ಸಾಮಾನ್ಯವಾಗಿ ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ಏರಿಸಲಾರದು. ಅದಕ್ಕೊಂದು ಪುಲ್-ಅಪ್ ರೆಸಿಸ್ಟರ್ ಬೇಕು. ಇಸಿಯು ಒಳಗೆ ಅದು ಇಲ್ಲದಿದ್ದರೆ ಐದು ವೋಲ್ಟಿಗೆ ಒಂದು ಸಾವಿರ ಓಮ್‌ನದು ಹಾಕುವುದು ವಾಡಿಕೆ.

ಸ್ವಂತ ಬೋರ್ಡ್ ಕಟ್ಟಿದವರು ಸಿಗ್ನಲ್ ಕಂಡಿಷನರ್ ಕಡೆಗೂ ನೋಡಬೇಕು. ಮ್ಯಾಕ್ಸ್9926 ತರಹದ ಚಿಪ್ಪು ಸಿಗ್ನಲ್ ಏರಿದಂತೆ ತನ್ನ ಮಿತಿಯನ್ನೂ ಏರಿಸಿಕೊಂಡು ಸಣ್ಣ ಗದ್ದಲವನ್ನು ತಾನೇ ಬಿಟ್ಟುಬಿಡುತ್ತದೆ. ಹಳೆಯ ಮೆಗಾಸ್ಕ್ವರ್ಟ್ ವಿ3.0 ಬೋರ್ಡಿನಲ್ಲಿ ಇದೇ ಕೆಲಸಕ್ಕೆ ಕೈಯಿಂದ ತಿರುಗಿಸುವ ಎರಡು ಪುಟ್ಟ ಪಾಟ್‌ಗಳಿವೆ.

ಸಾಫ್ಟ್‌ವೇರ್ ಫಿಲ್ಟರನ್ನು ಕೊನೆಗೆ ಇಟ್ಟಿದ್ದೇನೆ, ಬಹಳ ಜನ ಅಲ್ಲಿಂದಲೇ ಶುರುಮಾಡುತ್ತಾರೆ. ಸ್ಪೀಡುಯಿನೊದಲ್ಲಿ ಟ್ರಿಗರ್ ಫಿಲ್ಟರಿಗೆ ವೀಕ್, ಮೀಡಿಯಂ, ಅಗ್ರೆಸಿವ್ ಎಂಬ ಮೂರು ಹಂತ. ಹಿಂದಿನ ಹಲ್ಲಿಗೆ ತಗುಲಿದ ಸಮಯದ ಶೇ 25, 50 ಅಥವಾ 75 ಕಳೆಯುವ ಮೊದಲೇ ಬಂದ ಹಲ್ಲನ್ನು ಅದು ತಿರಸ್ಕರಿಸುತ್ತದೆ. ಅಗ್ರೆಸಿವ್ ಹಾಕಿದೊಡನೆ ಮಿಸ್ ನಿಂತೀತು. ಆದರೆ ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್ ಸ್ಟಾರ್ಟಿಂಗಿನಲ್ಲಿ ಕಂಪ್ರೆಶನ್ ದಾಟಿದ ಕೂಡಲೇ ಮುಂದಕ್ಕೆ ಚಿಮ್ಮುತ್ತದೆ. ಆಗ ಮುಂದಿನ ನಿಜವಾದ ಹಲ್ಲೇ ಹಿಂದಿನದರ ಮುಕ್ಕಾಲು ಸಮಯದೊಳಗೆ ಬಂದುಬಿಡಬಹುದು. ಫಿಲ್ಟರ್ ಅದನ್ನೂ ಎಸೆಯುತ್ತದೆ, ಬೈಕು ಸ್ಟಾರ್ಟ್ ಆಗುವುದಿಲ್ಲ. ವೈರಿಂಗ್ ಸರಿಮಾಡಿದ ಮೇಲೆ ವೀಕ್ ಸಾಕಾಗಬೇಕು. ಸಾಲದಿದ್ದರೆ ವೈರಿಂಗ್ ಇನ್ನೂ ಸರಿಯಾಗಿಲ್ಲ.

ಹೊರಗಿನ ಇಸಿಯು ಹಾಕಿದ ಬೈಕಿಗೆ ಕಂಪನಿ ವಾರಂಟಿ ನಿರಾಕರಿಸಬಹುದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮಾರ್ಪಾಡಿನ ಬಗ್ಗೆ ಏನು ಹೇಳುತ್ತದೆಂದು ಓದಿಕೊಂಡೇ ಕೈ ಹಾಕುವುದು ಒಳ್ಳೆಯದು.

ಎಲ್ಲ ಮುಗಿದ ಮೇಲೂ ತೊಂದರೆ ಉಳಿದರೆ ಇಸಿಯು ತಯಾರಕರಿಗೆ ‘ಬೈಕ್ ಮಿಸ್ ಹೊಡೀತಿದೆ’ ಎಂದಷ್ಟೇ ಬರೆಯಬೇಡಿ. ಚಕ್ರದಲ್ಲಿ ಎಷ್ಟು ಹಲ್ಲು, ಎಷ್ಟು ಬಿಟ್ಟಿದೆ, ಸೆನ್ಸರಿಗೆ ಎರಡು ವೈರೋ ಮೂರೋ, ತಣ್ಣಗೆ ಮತ್ತು ಬಿಸಿಯಲ್ಲಿ ಎಷ್ಟು ಓಮ್, ಪ್ಲಗ್ಗಿನ ಪೂರ್ತಿ ನಂಬರ್, ಮಿಸ್ ಶುರುವಾಗುವ ಆರ್‌ಪಿಎಂ, ಜೊತೆಗೆ ಕಾಯಿಲ್ ಜೋಡಿಸಿ ಒಂದು ಮತ್ತು ಕಿತ್ತು ಒಂದು ಟೂತ್ ಲಾಗ್ ಫೈಲ್. ವೈರು ಹಾದುಹೋದ ದಾರಿಯ ಫೋಟೊವನ್ನು ಟ್ಯಾಂಕ್ ಬಿಚ್ಚಿಯೇ ತೆಗೆದು ಕಳಿಸಿ.